ಮಂದ್ರ ಮನೆಗೆ ಬಂದ ದಾರಿ

ದಾವಣಗೆರೆಯವರಿಗೆ ಚಿಗಟೇರಿ ಅಂದರೆ ಆಸ್ಪತ್ರೆ. ಅಲ್ಲಿನ ಜಿಲ್ಲಾಸ್ಪತ್ರೆಗೆ ಆ ಹೆಸರಿರುವುದರಿಂದ, "ನಮ್ಮೂರು ಚಿಗಟೇರಿ" ಅಂದಾಗ "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದವರೂ ಉಂಟು. ಹರಪನಹಳ್ಳಿ ತಾಲ್ಲೂಕಿನ ನಮಗೆ ಮಾತ್ರ ಚಿಗಟೇರಿ ಅಂದರೆ ನಾರದಮುನಿ. ಮೂರು ಲೋಕ ಸುತ್ತುವಾಗಲೂ ಕೈಯಲ್ಲಿನ ತಂತಿವಾದ್ಯ ಕೆಳಗಿಡದ ಋಷಿ ಅವನು. ಅವನಿಗೆ ಗುಡಿ ಕಟ್ಟಿ ತೇರೆಳೆಯುವ ಊರುಗಳು ಹೆಚ್ಚಿಲ್ಲ. 1997ರವರೆಗೆ ನಾವು ಬಳ್ಳಾರಿ ಜಿಲ್ಲೆಯವರು, ಆಮೇಲೆ ದಾವಣಗೆರೆಯವರು, 2018ರಲ್ಲಿ ಮತ್ತೆ ಬಳ್ಳಾರಿಯವರು, 2021ರಿಂದ ವಿಜಯನಗರದವರು. ಜಿಲ್ಲೆ ಎಷ್ಟು ಸಲ ಬದಲಾದರೂ ನಾರದ ಮಾತ್ರ ಅಲ್ಲೇ ಇದ್ದಾನೆ.

ಈ ಊರಿನ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಜಮೈಕಾದ ಪ್ಲೇಟುಗಳು ತಿರುಗುತ್ತವೆ. ಕೆಲವು ರೆಗೆ, ಹೆಚ್ಚಿನವು ಡಬ್. ರೆಗೆ ಗೊತ್ತಿಲ್ಲದವರಿಗೂ ಬಾಬ್ ಮಾರ್ಲಿಯ ಮುಖ ಗೊತ್ತು, ಟೀ ಶರ್ಟುಗಳ ಪುಣ್ಯದಿಂದ. ಡಬ್ ಅಂದರೆ ಅದೇ ರೆಗೆ ಹಾಡಿನಿಂದ ಹಾಡುಗಾರನನ್ನು ಹೊರಗೆ ಕಳಿಸಿ, ಬೇಸ್ ಗಿಟಾರು ಮತ್ತು ಡ್ರಮ್ಮನ್ನು ಮುಂದಕ್ಕೆ ಎಳೆದು, ನಡುನಡುವೆ ಗಿಟಾರಿನದೋ ದನಿಯದೋ ಒಂದು ಚೂರನ್ನು ಪ್ರತಿಧ್ವನಿಯಲ್ಲಿ ತೇಲಿಬಿಡುವುದು. ಕೇಳುವುದು ಕಿವಿಯಿಂದ ಶುರುವಾಗುತ್ತದೆ, ಆದರೆ ಹೆಚ್ಚಿನ ಪಾಲು ಎದೆಗೂಡಿಗೆ, ಕೂತ ಚಾಪೆಗೆ, ಗೋಡೆಯ ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳಿಗೆ ಸೇರುತ್ತದೆ.

ಒಮ್ಮೆ ನಮ್ಮ ದೊಡ್ಡವ್ವ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, "ಇದು ಜಾತ್ರಿ ಸಪ್ಪಳಪ್ಪಾ, ಮನಿಯಾಗ ಯಾಕ ಹಚ್ಚೀದಿ?" ಅಂದಳು. ಬೈಗುಳವಲ್ಲ, ನಿಜವಾದ ಪ್ರಶ್ನೆ. ಹಾಡು ಮನೆಯದು, ಭಜನೆ ಮನೆಯದು, ಜೋಗುಳ ಮನೆಯದು. ಈ ಧಮ್ ಧಮ್ ಮಾತ್ರ ಹೊರಗಿನದು. ಯಾಕೆ ಹೊರಗಿನದು, ಯಾವಾಗಿನಿಂದ ಹೊರಗಿನದು ಎಂದು ನಾನು ಯೋಚಿಸತೊಡಗಿದ್ದು ಅವಳ ಆ ಮಾತಿನಿಂದ.

ನಮ್ಮ ಕಡೆ ಕೆಳದನಿಗೆ ಕೊರತೆಯಿಲ್ಲ. ಡೊಳ್ಳು ಇದೆ, ನಂದಿಕೋಲಿನ ಮುಂದೆ ಸಮಾಳ ಇದೆ, ಉರುಮೆ ಇದೆ. ಉರುಮೆಯ ಒಂದು ಮುಖಕ್ಕೆ ಬಾಗಿದ ಕೋಲನ್ನು ಒತ್ತಿ ಉಜ್ಜಿದರೆ ದೊಡ್ಡ ಪ್ರಾಣಿ ನರಳಿದ ಹಾಗೆ ದನಿ ಏಳುತ್ತದೆ. ಜೋಗತಿಯರ ಕೈಯ ಚೌಡಿಕೆಯಂತೂ ಒಂದೇ ತಂತಿಯ ಬೇಸ್ ವಾದ್ಯವೇ. ತಂತಿಯನ್ನು ಬಿಗಿ ಮಾಡುತ್ತ ಸಡಿಲಿಸುತ್ತ ಮೀಟಿದಾಗ ಅದು ಹಾಡಿನ ಕೆಳಗೆ ತೂಗುತ್ತ ಹೋಗುತ್ತದೆ. ಮದ್ದಳೆ, ಮೃದಂಗಗಳ ಎಡಮುಖಕ್ಕೆ ನುಡಿಸುವ ಮೊದಲು ಹಿಟ್ಟಿನದೋ ರವೆಯದೋ ಕಣಕ ಮೆತ್ತುವುದನ್ನು ನೀವು ನೋಡಿರಬಹುದು. ಚರ್ಮಕ್ಕೆ ತೂಕ ಬಂದರೆ ಅದು ನಿಧಾನವಾಗಿ ಅದುರುತ್ತದೆ, ದನಿ ಕೆಳಗಿಳಿಯುತ್ತದೆ. ಇಂದಿನ ಆಂಪ್ಲಿಫೈಯರಿನಲ್ಲಿ ಬೇಸ್ ತಿರುಪು ಬಲಕ್ಕೆ ತಿರುಗಿಸುವ ಕೆಲಸವನ್ನು ನಮ್ಮವರು ಒಂದು ಮುಷ್ಟಿ ಹಿಟ್ಟಿನಲ್ಲಿ ಮಾಡುತ್ತಿದ್ದರು.

ಆದರೆ ಈ ವಾದ್ಯಗಳನ್ನು ನುಡಿಸುವವರು ಯಾರು, ಅವರು ನಿಲ್ಲುವುದು ಎಲ್ಲಿ? ಹಲಗೆ ಬಡಿಯುವವರು ಮಾದಿಗರು, ಡೊಳ್ಳು ಕುರುಬರದು, ಚೌಡಿಕೆ ಜೋಗತಿಯರದು. ಹೆಣ ಹೊರಡಬೇಕಾದರೂ ತೇರು ಹೊರಡಬೇಕಾದರೂ ಅವರು ಬೇಕು. ಆದರೆ ಹಲಗೆಯವರು ಬರುವುದು ಅಂಗಳದವರೆಗೆ, ಜೋಗತಿ ಬರುವುದು ಹೊಸ್ತಿಲವರೆಗೆ. ಚರ್ಮ ಒಳಗೆ ಬರುವಂತಿಲ್ಲ, ಚರ್ಮ ಮುಟ್ಟಿದವರು ಒಳಗೆ ಬರುವಂತಿಲ್ಲ. ಭಜನೆಯ ತಬಲಕ್ಕೆ ಮಾತ್ರ ಹೇಗೋ ಪರವಾನಗಿ ಸಿಕ್ಕಿತ್ತು. ಅದೂ ಚರ್ಮದ್ದೇ ಅಲ್ಲವೇ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಹೀಗಾಗಿ ಮೇಲಿನ ದನಿ ಮನೆಯೊಳಗೆ, ಕೆಳಗಿನ ದನಿ ಮನೆಯಾಚೆ ಎಂಬ ಏರ್ಪಾಡು ಯಂತ್ರಗಳು ಬರುವ ಮೊದಲೇ ಇತ್ತು. ವಿಚಿತ್ರವೆಂದರೆ ಆಮೇಲೆ ಬಂದ ಯಂತ್ರಗಳೂ ಏನೂ ಅರಿಯದೆ ಅದನ್ನೇ ಪಾಲಿಸಿದವು.

ಮೊದಲು ಬಂದದ್ದು ಗ್ರಾಮಫೋನು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡ. (ಆಕೆ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ಆಗ ಮೈಕು ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ದನಿಯ ಬಲಕ್ಕೆ ಕಹಳೆಯ ಕೊನೆಯ ತೆಳು ಪೊರೆ ಅದುರಿ, ಸೂಜಿ ಮೇಣದಲ್ಲಿ ಗೀರಬೇಕು. ಈ ಏರ್ಪಾಡಿಗೆ ಕೆಳದನಿ ಸಿಕ್ಕುತ್ತಲೇ ಇರಲಿಲ್ಲ. ದೊಡ್ಡ ಡ್ರಮ್ಮು ಬಡಿದರೆ ಸೂಜಿಯೇ ಜಿಗಿಯುವ ಭಯ, ಹಾಗಾಗಿ ಅಮೆರಿಕದ ಜಾಜ್ ತಂಡಗಳೂ ಡ್ರಮ್ಮನ್ನು ದೂರವಿಟ್ಟು ಮುದ್ರಿಸಬೇಕಾಯಿತು. 1925ರಲ್ಲಿ ವಿದ್ಯುತ್ ಮೈಕಿನ ಮುದ್ರಣ ಬಂದ ಮೇಲೆ ಸ್ಥಿತಿ ಸುಧಾರಿಸಿತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರು "ಗಾಂಧಾರಿ" ಎಂಬ ಹೆಸರಿನಲ್ಲಿ ಹಾಡಿದ ಎಚ್‌ಎಂವಿ ಪ್ಲೇಟುಗಳು, ಮಲ್ಲಿಕಾರ್ಜುನ ಮನ್ಸೂರರ ಪ್ಲೇಟುಗಳು ನಮ್ಮ ಕಡೆಯ ಶ್ರೀಮಂತರ ಮನೆ ಸೇರಿದ್ದು ಈ ಕಾಲದಲ್ಲಿ. ದನಿ ಹತ್ತಿರದಲ್ಲೇ ಇರುತ್ತದೆ, ತಬಲದ ಎಡಗೈ ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಹಲಗೆಯ ಮಣೆ ತಟ್ಟಿದಂತೆ ಕೇಳುತ್ತದೆ. ಆ ಪ್ಲೇಟುಗಳ ಮೇಲೆ ಉರುಮೆಯ ಹೆಸರನ್ನು ನಾನಂತೂ ನೋಡಿಲ್ಲ.

ಆಮೇಲೆ ರೇಡಿಯೊ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ನಮ್ಮಂಥ ಊರುಗಳಿಗೆ ಟ್ರಾನ್ಸಿಸ್ಟರು ಬಂದದ್ದು ಇನ್ನೂ ತಡವಾಗಿ. ಅದರ ಸ್ಪೀಕರು ಅಂಗೈ ಅಗಲದ್ದು. ಅಷ್ಟು ಸಣ್ಣ ಕಾಗದದ ಬಟ್ಟಲು ಕೆಳದನಿಗೆ ಬೇಕಾದಷ್ಟು ಗಾಳಿಯನ್ನು ತಳ್ಳಲಾರದು. ವಾರ್ತೆಗೆ, ಕೃಷಿರಂಗಕ್ಕೆ, ಭಾವಗೀತೆಗೆ ಅದು ಸಾಕಿತ್ತು.

ಇನ್ನು ಮೈಕ್‌ಸೆಟ್ಟಿನವರು. ನನ್ನ ಬಾಲ್ಯದ ನಿಜವಾದ ಸಂಗೀತಗಾರರು ಇವರೇ. ಮದುವೆ ಮನೆಗೆ ಎರಡು ದಿನ ಮುಂಚೆ ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬಂದು, ಬೇವಿನ ಮರದ ತುದಿಗೆ ಕಹಳೆ ಕಟ್ಟಿ, ಪೆಟ್ಟಿಗೆಯಿಂದ ಪ್ಲೇಟು ತೆಗೆದು ಹಚ್ಚಿದರೆ ಮೂರು ಊರಿಗೆ ಮದುವೆ ಗೊತ್ತಾಗುತ್ತಿತ್ತು. ಯಾವ ಪ್ಲೇಟು ಯಾವಾಗ ಹಚ್ಚಬೇಕು, ಬೀಗರು ಬಂದಾಗ ಯಾವುದು, ಊಟದ ಹೊತ್ತಿಗೆ ಯಾವುದು ಎಂಬುದರಲ್ಲಿ ಅವರು ಪಳಗಿದವರು. ಆದರೆ ಕಹಳೆಯ ಗುಣವೇ ಅಂಥದ್ದು. ದೂರಕ್ಕೆ ಮುಟ್ಟಿಸಲು ಅದು ಕೆಳದನಿಯನ್ನು ಬಿಟ್ಟುಕೊಡುತ್ತದೆ. ಹೊಲದಲ್ಲಿ ನಿಂತವರಿಗೆ ಪಿ.ಬಿ. ಶ್ರೀನಿವಾಸರ ದನಿ ಕೇಳುತ್ತಿತ್ತು, ಅವರ ಹಿಂದಿನ ವಾದ್ಯಗಳಲ್ಲ.

ಇದೇ ಹೊತ್ತಿಗೆ, ಭೂಮಿಯ ಆ ಬದಿಯಲ್ಲಿ, ಕಿಂಗ್‌ಸ್ಟನ್‌ನಲ್ಲೂ ಮೈಕ್‌ಸೆಟ್ಟಿನವರಿದ್ದರು. ಅಲ್ಲಿ ಅದಕ್ಕೆ ಸೌಂಡ್ ಸಿಸ್ಟಮ್ ಎನ್ನುತ್ತಿದ್ದರು. ಜಮೈಕಾಕ್ಕೂ ನಮಗೂ ಒಂದು ಹಳೆಯ ಎಳೆ ಇದೆ. 1845ರಿಂದ 1917ರ ತನಕ ಸುಮಾರು 36,000 ಭಾರತೀಯರನ್ನು ಕಬ್ಬಿನ ತೋಟದ ಕೂಲಿಗೆ ಅಲ್ಲಿಗೆ ಸಾಗಿಸಿದ್ದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಗಾಂಜಾ ಎಂಬ ಮಾತು ಆ ದ್ವೀಪಕ್ಕೆ ಹೋದದ್ದು ಅವರ ಬಾಯಲ್ಲೇ. ಆದರೆ ನಾನು ಹೇಳುತ್ತಿರುವ ನಂಟು ರಕ್ತದ್ದಲ್ಲ, ರಿಪೇರಿ ಅಂಗಡಿಯದ್ದು.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ರಾಡಾರ್ ಕೆಲಸ ಕಲಿತ ಹೆಡ್ಲಿ ಜೋನ್ಸ್ ಊರಿಗೆ ಮರಳಿ 1947ರ ಹೊತ್ತಿಗೆ ಸ್ವಂತ ಆಂಪ್ಲಿಫೈಯರು ಕಟ್ಟಿದ. ಅದನ್ನು ನೋಡಿದ ಹಾರ್ಡ್‌ವೇರ್ ವ್ಯಾಪಾರಿ ಟಾಮ್ ವಾಂಗ್ ತನಗೂ ಬೇಕೆಂದ. ಹೋಟೆಲಿನ ಬ್ಯಾಂಡುಗಳು ಶ್ರೀಮಂತರಿಗೆ, ರೇಡಿಯೊ ಕೂಡ ಮೇಲಿನ ಓಣಿಗಳ ರುಚಿಗೆ. ಕೆಳಗಿನ ಓಣಿಗಳ ಬಡವರು ಖಾಲಿ ಅಂಗಳದಲ್ಲಿ ಪ್ಲೇಟು ಹಚ್ಚಿ ಕುಣಿಯುತ್ತಿದ್ದರು. ಇಲ್ಲಿಯವರೆಗೆ ನಮ್ಮ ಮೈಕ್‌ಸೆಟ್ಟಿನ ಕಥೆಯೇ. ಬೇರೆಯಾದದ್ದು ಒಂದೇ ಕಡೆ. ನಮ್ಮವರು ಕಹಳೆಯನ್ನು ಮರಕ್ಕೆ ಕಟ್ಟಿದರು, ಅವರು ಬೀರುವಿನಷ್ಟು ದೊಡ್ಡ ಮರದ ಪೆಟ್ಟಿಗೆ ಮಾಡಿ ನೆಲದ ಮೇಲಿಟ್ಟರು. ನಮ್ಮವರಿಗೆ ಮೂರು ಊರಿಗೆ ಮುಟ್ಟಬೇಕಿತ್ತು, ಅವರಿಗೆ ಆ ಅಂಗಳದಲ್ಲಿರುವವರ ಮೈಗೆ ಮುಟ್ಟಿದರೆ ಸಾಕಿತ್ತು. ಮೈಗೆ ಮುಟ್ಟುವುದು ಬೇಸು. ಪೈಪೋಟಿ ಬಿದ್ದು ಪೆಟ್ಟಿಗೆಗಳು ಬೆಳೆದವು, ಪೆಟ್ಟಿಗೆಗೆ ತಕ್ಕ ಹಾಗೆ ಸಂಗೀತವೇ ಬದಲಾಯಿತು. 1962ರಲ್ಲಿ ಸ್ವಾತಂತ್ರ್ಯ ಬಂದಾಗ ಓಡುನಡೆಯ ಸ್ಕಾ ಇತ್ತು, ಅದು ನಿಧಾನಿಸಿ ರಾಕ್‌ಸ್ಟೆಡಿ ಆಯಿತು, 1968ರ ಸುಮಾರಿಗೆ ರೆಗೆ ಆಯಿತು. ಪ್ರತಿ ಹೆಜ್ಜೆಯಲ್ಲೂ ಬೇಸ್ ಗಿಟಾರು ಹಿಂದಿನಿಂದ ಮುಂದಕ್ಕೆ ಬಂದಿತು. ಮಾರ್ಲಿಯ ತಂಡದ ಬೇಸ್ ವಾದಕ ಆಸ್ಟನ್ ಬ್ಯಾರೆಟ್ ತನ್ನ ಮೊದಲ ವಾದ್ಯವನ್ನು ಪ್ಲೈವುಡ್ಡು, ಮರದ ತುಂಡುಗಳಿಂದ ತಾನೇ ಕಟ್ಟಿಕೊಂಡಿದ್ದನಂತೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಚೌಡಿಕೆ.

1968ರ ಹೊತ್ತಿಗೆ ಸ್ಪ್ಯಾನಿಷ್ ಟೌನಿನ ರಡ್ಡಿ ರೆಡ್‌ವುಡ್ ಎಂಬ ಸೌಂಡ್ ಸಿಸ್ಟಮ್ಮಿನವನಿಗೆ ಸ್ಟುಡಿಯೊದಿಂದ ಪ್ಯಾರಗನ್ಸ್ ತಂಡದ ಒಂದು ಹಾಡಿನ ಪ್ಲೇಟು ಸಿಕ್ಕಿತು. ಅದರಲ್ಲಿ ದನಿಯೇ ಇರಲಿಲ್ಲ, ಕತ್ತರಿಸಿ ಕೊಡುವಾಗ ಬಿಟ್ಟುಹೋಗಿತ್ತು. ಆತ ಅದನ್ನೇ ಹಚ್ಚಿದ. ನೆರೆದ ಮಂದಿ ಬಿಟ್ಟುಹೋದ ಹಾಡನ್ನು ತಾವೇ ಹಾಡಿದರು. ಅಲ್ಲಿಂದ ಮುಂದೆ ಪ್ಲೇಟಿನ ಹಿಂಬದಿಯಲ್ಲಿ ಹಾಡಿಲ್ಲದ ರೂಪ ಹಾಕುವುದು ರೂಢಿಯಾಯಿತು. ಅದನ್ನೊಂದು ಕಲೆಯಾಗಿ ಮಾಡಿದವನು ಕಿಂಗ್ ಟಬ್ಬಿ. ಹುಟ್ಟಿದ್ದು 1941ರಲ್ಲಿ, ಹೆಸರು ಆಸ್ಬರ್ನ್ ರಡಕ್, ಕಸುಬು ರೇಡಿಯೊ ರಿಪೇರಿ ಮತ್ತು ಟ್ರಾನ್ಸ್‌ಫಾರ್ಮರ್ ಸುತ್ತುವುದು. ಅವನ ಸ್ಟುಡಿಯೊ ಇದ್ದದ್ದು ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಓಣಿಯ ಒಂದು ಸಣ್ಣ ಮನೆಯಲ್ಲಿ, ಅವನ ತಾಯಿಯ ಮನೆ. ಹಾಡುವವರು ನಿಲ್ಲುತ್ತಿದ್ದದ್ದು ಬಚ್ಚಲಲ್ಲಿ. ದೊಡ್ಡ ಸ್ಟುಡಿಯೊವೊಂದು ಬೇಡವೆಂದ ನಾಲ್ಕು ಚಾನೆಲ್ಲಿನ ಮಿಕ್ಸರು ಕೊಂಡು ತಂದಿದ್ದ. ಅದರಲ್ಲಿ ಒಂದು ದಪ್ಪ ತಿರುಪು. ಅದನ್ನು ತಿರುಗಿಸಿದಂತೆ ಕೆಳದನಿ ಒಂದೊಂದೇ ಮೆಟ್ಟಿಲು ಕಳಚಿ ಹೋಗುತ್ತದೆ, ಇಡೀ ಸಂಗೀತ ಅಗ್ಗದ ಟ್ರಾನ್ಸಿಸ್ಟರಿನೊಳಗೆ ಸಿಕ್ಕಿಕೊಂಡಂತೆ ಕ್ಷೀಣವಾಗುತ್ತದೆ. ಇನ್ನೇನು ಹೋಯಿತು ಅನ್ನುವಾಗ ಟಬ್ಬಿ ತಿರುಪನ್ನು ಬಿಡುತ್ತಾನೆ, ಬೇಸು ಒಮ್ಮೆಗೇ ಮರಳಿ ನೆಲಕ್ಕೆ ಬೀಳುತ್ತದೆ. ನಮ್ಮ ಮನೆಗಳಲ್ಲಿ ಐವತ್ತು ವರ್ಷ ಇಲ್ಲದೇ ಹೋದ ದನಿಯನ್ನು ಅವನು ಅರ್ಧ ನಿಮಿಷದಲ್ಲಿ ಕಿತ್ತುಕೊಂಡು ಕೊಡುತ್ತಿದ್ದ. 1976ರ "ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್" ಕೇಳಿ. ಆಗಸ್ಟಸ್ ಪ್ಯಾಬ್ಲೊ ಅದರಲ್ಲಿ ಮೆಲೋಡಿಕಾ ಊದುತ್ತಾನೆ, ನಮ್ಮ ಹಾರ್ಮೋನಿಯಮ್ಮಿನ ದೂರದ ತಂಗಿಯಂಥ ವಾದ್ಯ ಅದು. 1989ರ ಫೆಬ್ರುವರಿಯಲ್ಲಿ ಟಬ್ಬಿಯನ್ನು ಅವನ ಮನೆಯ ಮುಂದೆಯೇ ಯಾರೋ ಗುಂಡಿಟ್ಟು ಕೊಂದರು.

ಈ ಸಂಗೀತ ಮನೆಯೊಳಗೆ ಬಂದ ಇನ್ನೊಂದು ದಾರಿ ಇಂಗ್ಲೆಂಡಿನದು. 1948ರಿಂದ ಅಲ್ಲಿಗೆ ದುಡಿಯಲು ಹೋದ ಜಮೈಕಾದವರನ್ನು ಕ್ಲಬ್ಬುಗಳು ಬಾಗಿಲಲ್ಲೇ ತಡೆಯುತ್ತಿದ್ದವು. ಅವರು ಬಾಡಿಗೆ ಮನೆಯ ನೆಲಮಾಳಿಗೆಯಲ್ಲೇ ಪೆಟ್ಟಿಗೆಗಳನ್ನಿಟ್ಟು, ಅನ್ನ ಮತ್ತು ಕುರಿಮಾಂಸದ ಸಾರು ಮಾಡಿ, ರಾತ್ರಿಯಿಡೀ ಕೇಳಿದರು. ಹೊರಗೆ ಜಾಗ ಸಿಗದವರು ಮನೆಯನ್ನೇ ಅಂಗಳ ಮಾಡಿಕೊಂಡರು.

ನನಗೆ ಸಿಕ್ಕಿದ್ದು ಹಂಪಿಯಿಂದ. ನಮ್ಮೂರಿಂದ ಅರ್ಧ ದಿನದ ದಾರಿ. ಹೊಳೆಯಾಚೆಯ ವಿರುಪಾಪುರಗಡ್ಡೆಯಲ್ಲಿ ಭತ್ತದ ಗದ್ದೆಗಳ ಪಕ್ಕ ಹಾಸಿಗೆ ಹಾಸಿದ ಹೋಟೆಲುಗಳಿದ್ದವು. ಅಲ್ಲಿ ವಿದೇಶಿಯರು ದಿನಗಟ್ಟಲೆ ಒರಗಿಕೊಂಡು ಮಾರ್ಲಿ ಕೇಳುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಅವೆಲ್ಲ ನೆಲಸಮವಾದವು. ತೊಂಬತ್ತರ ದಶಕದಲ್ಲಿ ಒಬ್ಬ ಪ್ರವಾಸಿ ಊರಿಗೆ ಹೊರಡುವಾಗ ಬಿಟ್ಟುಹೋದ ಎರಡು ಕ್ಯಾಸೆಟ್ಟುಗಳನ್ನು ಹೋಟೆಲಿನ ಹುಡುಗ ನನಗೆ ಕೊಟ್ಟ. ಒಂದರಲ್ಲಿ ಮಾರ್ಲಿ, ಇನ್ನೊಂದರಲ್ಲಿ ಹೆಸರಿಲ್ಲದ ಡಬ್. ಮನೆಯ ಟೂ ಇನ್ ಒನ್‌ನಲ್ಲಿ ಹಾಕಿದರೆ ಆ ಎರಡನೆಯದರಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಟಿಕ್ ಟಿಕ್ ಎಂಬ ಸಪ್ಪಳ, ಆಗಾಗ ಒಂದು ಪ್ರತಿಧ್ವನಿ, ಅಷ್ಟೆ. ಹಾಡುಗಾರ ಮೊದಲೇ ಇಲ್ಲ, ಬೇಸು ಆ ಸ್ಪೀಕರಿನಲ್ಲಿ ಹುಟ್ಟುವುದಿಲ್ಲ. ಉಳಿಯುವುದೇನು?

ಅದಕ್ಕೆ ಪರಿಹಾರ ಹೇಳಿದ್ದು ಹರಪನಹಳ್ಳಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವ. "ಹರವಿ ತಗಂಬಾ ಅಳಿಯಾ" ಅಂದ. ಆ ಕಾಲದಲ್ಲಿ ನಮ್ಮ ಕಡೆಯ ಟೀ ಅಂಗಡಿ, ಕ್ಷೌರದ ಅಂಗಡಿಗಳಲ್ಲಿ ಇದನ್ನು ಕಂಡವರು ಬಹಳ. ಕ್ಯಾಸೆಟ್ ಡೆಕ್ಕಿನಿಂದ ವೈರು ಎಳೆದು, ಬಿಡಿ ಸ್ಪೀಕರನ್ನು ಮಣ್ಣಿನ ಹರವಿಯ ಬಾಯಿಗೆ ಮೇಲ್ಮುಖವಾಗಿ ಕೂರಿಸುವುದು. ಸ್ಪೀಕರಿನ ಬಟ್ಟಲು ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದಕ್ಕೆ ಎಳೆಯುತ್ತದೆ. ಬಿಡಿ ಸ್ಪೀಕರಿನಲ್ಲಿ ಕೆಳದನಿಯ ಮಟ್ಟಿಗೆ ಈ ಎರಡೂ ಸುತ್ತಿ ಬಂದು ಒಂದನ್ನೊಂದು ತಿಂದುಹಾಕುತ್ತವೆ. ಹರವಿ ಹಿಂದಿನ ಗಾಳಿಯನ್ನು ಹಿಡಿದಿಡುತ್ತದೆ, ಮುಂದಿನದು ಉಳಿಯುತ್ತದೆ. ಕಿಂಗ್‌ಸ್ಟನ್ನಿನ ಬಡಗಿ ಪ್ಲೈವುಡ್ಡಿನಲ್ಲಿ ಮಾಡಿದ್ದನ್ನು ನಮ್ಮ ಕುಂಬಾರ ಗೊತ್ತಿಲ್ಲದೇ ಮಾಡಿಟ್ಟಿದ್ದ. ಅಷ್ಟು ದಿನ ಟಿಕ್ ಟಿಕ್ ಅನ್ನುತ್ತಿದ್ದ ಆ ಕ್ಯಾಸೆಟ್ಟಿನ ಅಡಿಯಿಂದ ಹರವಿಯಲ್ಲಿ ಒಂದು ಹೊಸ ಹಾಡೇ ಎದ್ದು ಬಂತು. ಇಳಯರಾಜ "ಪಲ್ಲವಿ ಅನುಪಲ್ಲವಿ"ಯಲ್ಲಿ ಬೇಸ್ ಗಿಟಾರಿನಿಂದ ಎಷ್ಟು ಕೆಲಸ ಮಾಡಿಸಿದ್ದಾರೆ ಎಂಬುದೂ, 1983ರ ಸಿನಿಮಾ ಆದರೂ, ನನಗೆ ತಿಳಿದದ್ದು ಆ ಹರವಿಯ ಮೇಲೆಯೇ.

ಪ್ಲೇಟುಗಳು ಬಂದದ್ದು ಬಹಳ ಆಮೇಲೆ, ಬೆಂಗಳೂರಿನ ಹಳೇ ಸಾಮಾನಿನ ಸಂಡೇ ಬಜಾರಿನಿಂದ, ಮತ್ತು ಹೊರದೇಶದ ಗೆಳೆಯರಿಂದ. ಫೋನಿನಲ್ಲಿ ಎಲ್ಲ ಸಿಗುವಾಗ ಪ್ಲೇಟು ಯಾಕೆ ಎಂದರೆ, ಈ ಸಂಗೀತ ಹುಟ್ಟಿದ್ದೇ ಪ್ಲೇಟಿನ ಕಷ್ಟದಿಂದ ಎಂಬುದು ನನ್ನ ಉತ್ತರ. ಕೆಳದನಿಗೆ ಪ್ಲೇಟಿನ ಗೀರು ಅಗಲಗಲವಾಗಿ ಹೊಯ್ದಾಡುತ್ತದೆ, ಜಾಗ ತಿನ್ನುತ್ತದೆ. ಅದಕ್ಕೇ ಮುದ್ರಿಸುವಾಗ ಬೇಸನ್ನು ಕುಗ್ಗಿಸಿ ಗೀರುತ್ತಾರೆ, ಕೇಳಿಸುವ ಯಂತ್ರ ಅದನ್ನು ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಎಷ್ಟು ಕುಗ್ಗಿಸಬೇಕು ಎಂಬ ಬಗ್ಗೆ ಅಮೆರಿಕದ ಕಂಪನಿಗಳು 1954ರಲ್ಲಿ ಒಂದು ಒಪ್ಪಂದಕ್ಕೆ ಬಂದವು, ಇವತ್ತಿಗೂ ಅದೇ ನಡೆಯುತ್ತಿದೆ. ಜಮೈಕಾದವರು ಆಮೇಲೆ 12 ಅಂಗುಲದ ಪ್ಲೇಟಿಗೆ ಬದಿಗೊಂದೇ ಹಾಡು ಹಾಕಿ ಬೇಸಿಗೆ ಬೇಕಾದಷ್ಟು ಹೊಲ ಬಿಟ್ಟುಕೊಟ್ಟರು. ದೀಪದ ಬೆಳಕಿನಲ್ಲಿ ಓರೆಯಾಗಿ ಹಿಡಿದರೆ ಗೀರುಗಳ ಸಂದು ಬರಿಗಣ್ಣಿಗೆ ಕಾಣುತ್ತದೆ. ಬಿತ್ತನೆ ಸಾಲಿನ ಹಾಗೆ.

ನಮ್ಮದು ಹಳೆಯ ಮಾಳಿಗೆ ಮನೆ. ಮಣ್ಣಿನ ದಪ್ಪ ಗೋಡೆ, ಮೇಲೆ ಜಂತೆ, ಜಂತೆಯ ಮೇಲೆ ಮಣ್ಣು. ಬೇಸ್ ಗಿಟಾರಿನ ತೀರ ಕೆಳಗಿನ ತಂತಿ ಸೆಕೆಂಡಿಗೆ 41 ಸಲ ಅದುರುತ್ತದೆ. ಆ ಅಲೆಯ ಉದ್ದ 8 ಮೀಟರಿಗೂ ಹೆಚ್ಚು, ಅಂದರೆ ನಮ್ಮ ನಡುಮನೆಗಿಂತ ಉದ್ದ. ಅದು ಒಳಗೆ ಹಿಡಿಸುವುದಿಲ್ಲ, ಪಕ್ಕದ ಮನೆಯ ಗೋಡೆಯನ್ನು ಕೇಳದೇ ದಾಟುತ್ತದೆ. ಹಾಗಾಗಿ ಎಂಟು ಗಂಟೆಗೆ ನಿಲ್ಲಿಸುತ್ತೇನೆ. ಇದು 2000ದ ಶಬ್ದಮಾಲಿನ್ಯ ನಿಯಮಗಳಿಗೆ ಹೆದರಿ ಅಲ್ಲ, ಆ ನಿಯಮ ರಾತ್ರಿ 10ರ ತನಕ ಬಿಡುತ್ತದೆ. ಪಕ್ಕದ ಮನೆಯ ಅಜ್ಜ ಮಲಗುವ ಹೊತ್ತು ಅದು. ತಮ್ಮನ ಹೊಸ ಆರ್‌ಸಿಸಿ ಮನೆಯಲ್ಲೂ ಒಮ್ಮೆ ಇದೇ ಪೆಟ್ಟಿಗೆಗಳನ್ನಿಟ್ಟು ಕೇಳಿದೆವು. ಮೂಲೆಗಳಲ್ಲಿ ಬರೀ ಗುಂಯ್ ಅಂದಿತು. ನನ್ನ ಕಿವಿಗೆ ಮಣ್ಣೇ ವಾಸಿ.

ಈಗ ಮೆರವಣಿಗೆಗಳಲ್ಲಿ ಡಿಜೆ ಬಂದಿದೆ. ಲಾರಿ ತುಂಬ ಪೆಟ್ಟಿಗೆ, ಕಿಟಕಿ ಗಾಜು ಒಡೆಯುವಷ್ಟು ಬೇಸು. ಹರಪನಹಳ್ಳಿಯ ಮೈಕ್‌ಸೆಟ್ಟು ಕೊನೆಗೂ ಕಿಂಗ್‌ಸ್ಟನ್ ಆಯಿತಲ್ಲ ಎಂದು ನನಗೆ ಸಂತೋಷವಾಗಬೇಕಿತ್ತು. ಆಗುವುದಿಲ್ಲ. ಆ ಬೇಸಿನಲ್ಲಿ ಬಿಡುವೇ ಇಲ್ಲ. ಡಬ್‌ನಲ್ಲಿ ಎರಡು ಬೇಸಿನ ನಡುವಿನ ಖಾಲಿ ಜಾಗಕ್ಕೇ ಬೆಲೆ. ಜೊತೆಗೆ, ಡಿಜೆ ಬಂದ ಮೆರವಣಿಗೆಗೆ ಉರುಮೆಯವರನ್ನು ಯಾರೂ ಕರೆಯುವುದಿಲ್ಲ. ದೆಹಲಿಯ ಟಾರು ಡಾಲ್ಮಿಯಾ ಮತ್ತು ಗೆಳೆಯರು ಜಮೈಕಾದ ಮಾದರಿಯಲ್ಲೇ ಬಾಸ್ ಫೌಂಡೇಶನ್ ರೂಟ್ಸ್ ಎಂಬ ಸೌಂಡ್ ಸಿಸ್ಟಮ್ ಕಟ್ಟಿದ್ದಾರೆ. ಅದನ್ನು ಒಮ್ಮೆಯಾದರೂ ಬಯಲಲ್ಲಿ ನಿಂತು ಕೇಳುವ ಆಸೆ ನನಗಿದೆ.

ಹೋದ ವರ್ಷ ಜಾತ್ರೆಯ ಮುಂದೆ ನಮ್ಮೂರಿನ ಉರುಮೆಯವರೊಬ್ಬರನ್ನು ಮನೆಗೆ ಕರೆದೆ. ಎಪ್ಪತ್ತು ದಾಟಿದವರು. ಕಟ್ಟೆಯ ಮೇಲೆ ಕೂತರು. "ಒಳಗ ಬರ್ರಿ ಯಜ್ಜಾ, ಒಳಗ ಕುಂತ್ರ ಚಲೋ ಕೇಳ್ತೈತಿ" ಎಂದು ಎರಡು ಸಲ ಕರೆದ ಮೇಲೆ, ದೊಡ್ಡವ್ವನ ಮುಖ ಒಮ್ಮೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದರು. ದೊಡ್ಡವ್ವ ಏನೂ ಅನ್ನಲಿಲ್ಲ, ಚಹಾ ಇಡಲು ಎದ್ದುಹೋದಳು. ಟಬ್ಬಿಯ ಪ್ಲೇಟು ಹಚ್ಚಿದೆ. ಒಂದು ಬದಿ ಮುಗಿಯುವ ತನಕ ಅವರು ಮಾತಾಡಲಿಲ್ಲ. ಬಲಗೈ ಬೆರಳುಗಳು ತೊಡೆಯ ಮೇಲೆ ಸುಮ್ಮನಿದ್ದವು, ಎಡಗೈಯವು ಮಾತ್ರ ಆಡುತ್ತಿದ್ದವು. ಆಮೇಲೆ, "ಎಡಗೈಯವ್ನು ಘಟ್ಟಿ ಅದಾನ. ಆದ್ರ ಹಾಡೋರು ಎಲ್ಲಿ ಹೋದ್ರು?" ಅಂದರು. ಅವರನ್ನು ತೆಗೆದುಹಾಕಿದ್ದಾರೆ ಅಂದೆ. ನಕ್ಕರು. "ಹಂಗಾರ ನಮ್ದೂ ಒಂದು ತುಂಬಕೋ" ಅಂದರು.

ಫೋನಿನಲ್ಲಿ ತುಂಬಿಕೊಂಡೆ. ಹತ್ತು ನಿಮಿಷ ನಡುಮನೆಯಲ್ಲೇ ನುಡಿಸಿದರು. ಗೂಡಿನ ಲೋಟಗಳು ಟಬ್ಬಿಗಿಂತ ಇವರಿಗೇ ಹೆಚ್ಚು ಅದುರಿದವು. ಮುಗಿದ ಮೇಲೆ ಫೋನನ್ನೇ ಅವರ ಕಿವಿಗೆ ಹಿಡಿದೆ. ಉಗುರಿನಷ್ಟು ಸ್ಪೀಕರು. ಕೋಲು ಚರ್ಮಕ್ಕೆ ತಾಗುವ ಚಟಚಟ ಮಾತ್ರ ಬಂತು, ನರಳುವ ದನಿಯ ಸುಳಿವಿಲ್ಲ. "ಇದು ನಂದಲ್ಲ" ಎಂದು ಫೋನನ್ನು ದೂಡಿದರು. ವೈರು ಹಚ್ಚಿ ಪೆಟ್ಟಿಗೆಗೆ ಕೊಟ್ಟೆ. ಮೊದಲ ಉಜ್ಜಿಗೆ ಅವರು ತಿರುಗಿ ತಮ್ಮ ಉರುಮೆಯನ್ನು ನೋಡಿದರು, ಅದು ಮೂಲೆಯಲ್ಲಿ ಸುಮ್ಮನೆ ಕೂತಿತ್ತು. "ಇದು ನಂದು" ಅಂದರು. ಚಹಾ ಆರುತ್ತಿತ್ತು. ಇನ್ನೊಮ್ಮೆ ಹಚ್ಚು ಅಂದರು, ಹಚ್ಚಿದೆ.